ನಾಳೆಯ ಮಾತು, ನಾಲ್ಕನೇ ತರಗತಿಯ ಇಂಗ್ಲಿಷು



ಇಂಗ್ಲಿಷಿನಲ್ಲಿ ಭವಿಷ್ಯತ್ ಕಾಲವೇ ಇಲ್ಲ ಎಂದರೆ ಶಾಲೆಯ ವ್ಯಾಕರಣ ಓದಿ ಬಂದವರಿಗೆ ಕುಚೋದ್ಯ ಅನ್ನಿಸೀತು. ಆದರೆ ರಾಡ್ನಿ ಹಡಲ್‌ಸ್ಟನ್ ಮತ್ತು ಜೆಫ್ರಿ ಪುಲ್ಲಮ್ 2002ರಲ್ಲಿ ಹೊರತಂದ ಕೇಂಬ್ರಿಜ್ ವ್ಯಾಕರಣ ಹೇಳುವುದು ಇದನ್ನೇ. ಭೂತಕಾಲಕ್ಕೆ ಇಂಗ್ಲಿಷ್ ಕ್ರಿಯಾಪದ ತನ್ನ ರೂಪವನ್ನೇ ಬದಲಿಸಿಕೊಳ್ಳುತ್ತದೆ. ನಾಳೆಯ ಸಲುವಾಗಿ ಅದರ ಬಳಿ ಸ್ವಂತದ್ದೆಂಬ ರೂಪವಿಲ್ಲ. ‘ವಿಲ್’, ‘ಗೋಯಿಂಗ್ ಟು’, ಸಾಲದ್ದಕ್ಕೆ ವರ್ತಮಾನ ಕಾಲದ ರೂಪಗಳು, ಹೀಗೆ ಅಕ್ಕಪಕ್ಕದ ಮನೆಗಳಿಂದ ಕಡ ತಂದು ಸಂಸಾರ ತೂಗಿಸುತ್ತದೆ.

ಹಾಗಾದರೆ ಪಠ್ಯಪುಸ್ತಕಕ್ಕೆ ಆ ಅಧ್ಯಾಯ ಬಂದದ್ದೆಲ್ಲಿಂದ? ಹಳೆಯ ಇಂಗ್ಲಿಷ್ ವ್ಯಾಕರಣಕಾರರ ಕಣ್ಣೆದುರು ಇದ್ದದ್ದು ಲ್ಯಾಟಿನ್. ಅಲ್ಲಿ ಭವಿಷ್ಯತ್ತಿಗೆ ಪ್ರತ್ಯೇಕ ಪ್ರತ್ಯಯಗಳಿವೆ. ಇಲ್ಲೂ ಒಂದು ಖಾನೆ ಬೇಕಾಯಿತು. ಜಾನ್ ವಾಲಿಸ್ 1653ರಲ್ಲಿ, ಅದೂ ಲ್ಯಾಟಿನ್ನಿನಲ್ಲೇ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ ‘ಶಲ್’ ಮತ್ತು ‘ವಿಲ್’ಗಳ ನಿಯಮ ಹಾಕಿಕೊಟ್ಟ. ‘ಐ’ ಜೊತೆ ‘ಶಲ್’ ಬಂದರೆ ಬರೀ ಮುನ್ಸೂಚನೆ, ‘ವಿಲ್’ ಬಂದರೆ ಮಾತು ಕೊಟ್ಟಂತೆ ಅಥವಾ ಬೆದರಿಸಿದಂತೆ. ‘ಯು’, ‘ಹಿ’ಗಳ ಜೊತೆ ಎಲ್ಲ ಉಲ್ಟಾ. ಗಣಿತದಲ್ಲಿ ಅನಂತದ ಚಿಹ್ನೆಯನ್ನು ಬಳಕೆಗೆ ತಂದವನೂ ಇದೇ ವಾಲಿಸ್. ಆತನ ನಿಯಮಕ್ಕೂ ಕೊನೆಯೇ ಇಲ್ಲವೆನ್ನುವಂತೆ ರೆನ್ ಮತ್ತು ಮಾರ್ಟಿನ್ನರ ಪುಸ್ತಕದ ಮೂಲಕ ಅದು ಭಾರತದ ತರಗತಿಗಳಿಗೂ ಬಂತು. ನೀರಿಗೆ ಬಿದ್ದವನೊಬ್ಬ ‘ಐ ವಿಲ್ ಡ್ರೌನ್, ನೋಬಡಿ ಶಲ್ ಸೇವ್ ಮಿ’ ಎಂದು ಕೂಗಿಕೊಂಡನಂತೆ. ಮುಳುಗಲೇಬೇಕೆಂಬ ಹಟ, ಯಾರೂ ಎತ್ತಕೂಡದೆಂಬ ಅಪ್ಪಣೆ ಎಂದು ನಿಯಮದ ಪ್ರಕಾರ ಅರ್ಥ ಮಾಡಿಕೊಂಡವರು ದಡದಲ್ಲೇ ನಿಂತರಂತೆ. ಹಳೇ ಜೋಕು, ನಿಯಮದ ಬೆಲೆ ಏನೆಂದು ಮಾತ್ರ ಚೆನ್ನಾಗಿ ತೋರಿಸುತ್ತದೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಶುರುವಾಯಿತು. ಮೊದಲೆರಡು ವರ್ಷ ಹಾಡು, ಕುಣಿತ, ಚಿತ್ರ. ಆಮೇಲೆ ಯಾವಾಗಲೋ ಕಪ್ಪುಹಲಗೆಯ ಮೇಲೆ ಮೂರು ಕಾಲಗಳ ಕೋಷ್ಟಕ ಮೂಡುತ್ತದೆ. ‘ರಾಮ ಈಟ್ಸ್ ಎ ಮ್ಯಾಂಗೋ’ ಎಂಬುದನ್ನು ‘ರಾಮ ವಿಲ್ ಈಟ್ ಎ ಮ್ಯಾಂಗೋ’ ಮಾಡಿದರೆ ಅಂಕ ಸಿಕ್ಕಿತು. ರಾಮ ಯಾವಾಗ ತಿಂತಾನೆ, ಅದನ್ನು ಯಾರಿಗೆ ಹೇಳುತ್ತಿದ್ದಾನೆ ಎಂದು ಯಾರೂ ಕೇಳುವುದಿಲ್ಲ. ಅದೇ ಮಗುವನ್ನು ಭಾನುವಾರ ಏನು ಮಾಡ್ತೀಯ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ‘ಐ ವಿಲ್ ಗೋಯಿಂಗ್’ ಅನ್ನುತ್ತದೆ, ಇಲ್ಲವೇ ‘ಐ ಆಮ್ ಗೋ’ ಅನ್ನುತ್ತದೆ. ಎರಡು ಸಾಲು ಬಾಯಿಪಾಠವಾಗಿವೆ. ಯಾವುದು ಯಾವಾಗ ಬೇಕೆಂಬುದು ಗೊತ್ತಾಗಿಲ್ಲ.

ಆದರೆ ಆ ಮಗು ಶಾಲೆಗೆ ಕಾಲಿಡುವ ಮುಂಚೆಯೇ ಮನೆಮಾತಿನಲ್ಲಿ ನಾಳೆಯನ್ನು ನಾಲ್ಕಾರು ಬಗೆಯಲ್ಲಿ ಆಡಬಲ್ಲದು. ‘ನಾಳೆ ಅಜ್ಜಿ ಮನೆಗೆ ಹೋಗ್ತಾ ಇದೀವಿ’ ಅಂದರೆ ಎಲ್ಲ ಗೊತ್ತಾಗಿದೆ, ಬಟ್ಟೆಯೂ ಚೀಲಕ್ಕೆ ಬಿದ್ದಿದೆ. ‘ಮಳೆ ಬರೋ ಹಾಗಿದೆ’ ಅಂದರೆ ಮೋಡ ಕಾಣುತ್ತಿದೆ. ‘ಬಿಡು, ನಾನೇ ತಂದ್ಕೊಡ್ತೀನಿ’ ಎಂಬುದು ಆ ಗಳಿಗೆಗೆ ಹೊಳೆದ ತೀರ್ಮಾನ. ‘ಬಸ್ಸು ಆರಕ್ಕೆ ಹೊರಡುತ್ತೆ’ ಎಂಬುದು ವೇಳಾಪಟ್ಟಿಯ ಮಾತು. ಇಂಗ್ಲಿಷ್ ಕೂಡ ಹೆಚ್ಚುಕಡಿಮೆ ಇದೇ ಜಾಗಗಳಲ್ಲಿ ಗೆರೆ ಎಳೆಯುತ್ತದೆ: ‘ವಿ ಆರ್ ಗೋಯಿಂಗ್’, ‘ಇಟ್ಸ್ ಗೋಯಿಂಗ್ ಟು ರೇನ್’, ‘ಐ ವಿಲ್ ಗೆಟ್ ಇಟ್’, ‘ದ ಬಸ್ ಲೀವ್ಸ್ ಅಟ್ ಸಿಕ್ಸ್’. ಹೀಗಿರುವಾಗ ಕನ್ನಡವನ್ನು ಇಂಗ್ಲಿಷ್ ತರಗತಿಯ ಬಾಗಿಲಾಚೆ ನಿಲ್ಲಿಸುವುದು ಸಿದ್ಧವಾಗಿರುವ ಸಹಾಯವನ್ನು ಬೇಡವೆಂದಂತೆ.

ಪುಣ್ಯಕೋಟಿಯ ಕಥೆಯನ್ನೇ ತೆಗೆದುಕೊಳ್ಳಬಹುದು. ಇಡೀ ಕಥೆ ನಿಂತಿರುವುದು ನಾಳೆಯ ಬಗ್ಗೆ ಆಡಿದ ಒಂದು ಮಾತಿನ ಮೇಲೆ. ತರಗತಿಯಲ್ಲಿ ಅದನ್ನು ನಾಟಕವಾಗಿ ಆಡಿಸಿದರೆ ಒಬ್ಬಳು ಹಸು, ಒಬ್ಬ ಹುಲಿ, ಒಂದು ಕರು, ಉಳಿದವರೆಲ್ಲ ದೊಡ್ಡಿಯ ಹಸುಗಳು. ಹುಲಿಯ ಮುಂದೆ ಹಸು ‘ಐ ವಿಲ್ ಕಮ್ ಬ್ಯಾಕ್’ ಅನ್ನಬೇಕು. ಅದು ಭಾಷೆ ಕೊಡುವ ಮಾತು. ಹುಲಿ ನಂಬದೆ ‘ನೋ, ಯು ವೋಂಟ್’ ಅನ್ನುತ್ತದೆ. ನಿಷೇಧ ರೂಪ ಕೋಷ್ಟಕವಿಲ್ಲದೆ ಬಂದುಬಿಟ್ಟಿತು, ಅದೂ ಗರ್ಜನೆಯ ಸಮೇತ. ದೊಡ್ಡಿಗೆ ಬಂದ ಹಸು ಕರುವಿಗೆ ಹೇಳುವುದು ಬೇರೆ ಮಾತು: ‘ಐ ಆಮ್ ಗೋಯಿಂಗ್ ಬ್ಯಾಕ್ ಟು ದ ಟೈಗರ್’. ಇಲ್ಲಿ ಭರವಸೆಯಿಲ್ಲ, ಮುಗಿದುಹೋದ ನಿರ್ಧಾರವಿದೆ. ಉಳಿದ ಹಸುಗಳು ‘ವಿ ವಿಲ್ ಲುಕ್ ಆಫ್ಟರ್ ಯುವರ್ ಚೈಲ್ಡ್’ ಎನ್ನುತ್ತವೆ. ಹುಲಿಗೆ ಹೇಳಿದ ಮಾತಿಗೂ ಕರುವಿಗೆ ಹೇಳಿದ ಮಾತಿಗೂ ವ್ಯತ್ಯಾಸವೇನೆಂದು ಕನ್ನಡದಲ್ಲೇ ಕೇಳಿದರೆ ಒಂಬತ್ತು ವರ್ಷದ ಮಕ್ಕಳು ಉತ್ತರ ಹೇಳಬಲ್ಲರು. ವ್ಯಾಕರಣದ ಹೆಸರುಗಳು ಅಲ್ಲಿ ಬೇಕಾಗುವುದೇ ಇಲ್ಲ.

ಈ ಬಗೆಯ ಯೋಚನೆ ಬೆಂಗಳೂರಿಗೆ ಹೊಸದೂ ಅಲ್ಲ. ಎನ್.ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಭಾಷಾ ಬೋಧನೆಯ ಚರಿತ್ರೆಯಲ್ಲಿ ಬೆಂಗಳೂರು ಯೋಜನೆ ಎಂದೇ ಹೆಸರಾಗಿದೆ. ಅಲ್ಲಿ ಮಕ್ಕಳ ಮುಂದಿಟ್ಟದ್ದು ವ್ಯಾಕರಣ ಪಾಠಗಳನ್ನಲ್ಲ. ರೈಲಿನ ವೇಳಾಪಟ್ಟಿ, ನಕ್ಷೆ, ಬಿಡಿಸಬೇಕಾದ ಸಮಸ್ಯೆಗಳನ್ನು. ಮೊದಲು ಒಂದು ಸಮಸ್ಯೆಯನ್ನು ಇಡೀ ತರಗತಿ ಶಿಕ್ಷಕರೊಂದಿಗೆ ಮಾತಾಡುತ್ತ ಬಿಡಿಸುತ್ತಿತ್ತು, ಆಮೇಲೆ ಅಂಥದ್ದೇ ಇನ್ನೊಂದನ್ನು ಮಕ್ಕಳು ತಾವಾಗಿ ಬಿಡಿಸುತ್ತಿದ್ದರು. ಗಮನ ಅರ್ಥದ ಮೇಲಿದ್ದಾಗಲೇ ವ್ಯಾಕರಣ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ವಾದ. ಅದನ್ನು ಪೂರ್ತಿ ಒಪ್ಪಬೇಕಿಲ್ಲ. ಮನೆಯಲ್ಲಿ ಇಂಗ್ಲಿಷ್ ಕಿವಿಗೆ ಬೀಳದ ಮಗುವಿಗೆ ರೂಪದ ಕಡೆಗೂ ಆಗಾಗ ಬೆರಳು ತೋರಿಸಬೇಕಾಗುತ್ತದೆ. ಆದರೆ ಆ ಬೆರಳು ಮಾತಿನ ಹಿಂದೆ ಬರಬೇಕು, ಮುಂದೆ ಅಲ್ಲ.

ಅವಸರದ ನಿಯಮ ಮಾಡುವ ಹಾನಿಗೆ ಒಂದು ನಿದರ್ಶನ ಸಾಕು. ನಾಳೆ ಎಂದರೆ ‘ವಿಲ್’ ಎಂದು ಕಲಿತ ಮಗು ‘ಇಫ್ ಇಟ್ ವಿಲ್ ರೇನ್’ ಎಂದು ಬರೆಯುತ್ತದೆ. ಕನ್ನಡದಲ್ಲಿ ಅದು ‘ಮಳೆ ಬಂದರೆ’ ಎಂದಷ್ಟೇ ಹೇಳುವುದು, ಭವಿಷ್ಯತ್ತಿನ ಗುರುತೇ ಇಲ್ಲದೆ. ಇಂಗ್ಲಿಷಿನ ‘ಇಫ್ ಇಟ್ ರೇನ್ಸ್’ ಕೂಡ ಹಾಗೆಯೇ. ತಪ್ಪು ಮಾತೃಭಾಷೆಯಿಂದ ಬಂದದ್ದಲ್ಲ, ಕಪ್ಪುಹಲಗೆಯಿಂದ ಬಂದದ್ದು.

ಪರೀಕ್ಷೆ ಬದಲಾಗದೆ ಪಾಠ ಬದಲಾಗುವುದಿಲ್ಲ ಎಂದು ಶಿಕ್ಷಕರು ಹೇಳುವುದರಲ್ಲಿ ಹುರುಳಿದೆ. ಆದ್ದರಿಂದ ಶಿಕ್ಷಕರ ಈ ಸಭೆಯ ಮಧ್ಯಾಹ್ನದ ಗೋಷ್ಠಿಗಳಲ್ಲಿ ಪ್ರಶ್ನೆಪತ್ರಿಕೆಗಳನ್ನೇ ಮೇಜಿನ ಮೇಲೆ ಹರಡಿಕೊಳ್ಳುವುದು ಒಳ್ಳೆಯದು. ಭವಿಷ್ಯತ್ ಕಾಲಕ್ಕೆ ಪರಿವರ್ತಿಸಿ ಎಂಬ ಪ್ರಶ್ನೆಯ ಜಾಗದಲ್ಲಿ ಒಂದು ಚಿತ್ರ, ಒಂದು ಬಸ್ಸಿನ ವೇಳಾಪಟ್ಟಿ, ಅಜ್ಜಿಗೆ ಬರೆಯುವ ನಾಲ್ಕು ಸಾಲಿನ ಕಾಗದ ಬಂದರೆ ಅಂಕ ಹೇಗೆ ಕೊಡಬೇಕು? ‘ವಿಲ್’ ಬೇಕಾದಲ್ಲಿ ‘ಗೋಯಿಂಗ್ ಟು’ ಬರೆದ ಮಗುವಿನ ಅಂಕ ಕತ್ತರಿಸಬೇಕೆ, ಐದನೇ ತರಗತಿಯವರೆಗೆ ಎರಡನ್ನೂ ಒಪ್ಪಬೇಕೆ? ‘ಶಲ್’ ಅನ್ನು ಪ್ರಾಥಮಿಕ ಹಂತದಿಂದ ಪೂರ್ತಿ ತೆಗೆದುಹಾಕಬಹುದೆ? ಮೊದಲ ಗೋಷ್ಠಿ ಈ ಮೂರನೆಯ ಪ್ರಶ್ನೆಯಿಂದ ಶುರುವಾದರೂ ಸರಿಯೇ. ಅದಕ್ಕೆ ವಿರೋಧ ಕಡಿಮೆ.