ಹಿಮ ಕರಗಿದ ಮೇಲೆ ಉಳಿಯುವ ಹುಲ್ಲುಗಾವಲು

(ಮಲೆನಾಡಿನ ಕೃಷಿಕರು ಮತ್ತು ಪರಿಸರಾಸಕ್ತರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ಮಲೆನಾಡಿನಲ್ಲಿ ಎರಡು ವಾದಗಳು ಎದುರುಬದುರಾಗುತ್ತವೆ. ಪ್ರವಾಸಿಗರು ಬಂದರೆ ಗುಡ್ಡ ಹಾಳಾಗುತ್ತದೆ ಎಂಬುದು ಒಂದು. ಅವರು ಬಾರದಿದ್ದರೆ ಮಕ್ಕಳು ಊರು ಬಿಡುತ್ತಾರೆ ಎಂಬುದು ಇನ್ನೊಂದು. ಎರಡರಲ್ಲೂ ಸತ್ಯವಿದೆ. ಈ ಎರಡು ಸತ್ಯಗಳನ್ನೂ ಒಂದೇ ಸೂರಿನಡಿ ಹಲವು ದಶಕಗಳಿಂದ ಅನುಭವಿಸುತ್ತ ಬಂದವರಿದ್ದಾರೆ. ಅವರು ಇಟಲಿಯ ಪರ್ವತಗ್ರಾಮಗಳಲ್ಲಿ ಪ್ರವಾಸಿಗರಿಗೆ ತಂಗುಮನೆ ನಡೆಸುವ ಕುಟುಂಬಗಳು. ಚಳಿಗಾಲದ ಸ್ಕೀ ರಜೆಯಿಂದ ಬದುಕು ಕಟ್ಟಿಕೊಂಡ ಆ ಮನೆಗಳ ಕತೆಯೇ ಇಂದಿನ ವಿಷಯ.

ಉದಾಹರಣೆಗೆ ಬಾದಿಯಾ ಕಣಿವೆಯನ್ನು ತೆಗೆದುಕೊಳ್ಳಬಹುದು. ಇಟಲಿಯ ಉತ್ತರದ ಅಂಚಿನಲ್ಲಿ, ಡೋಲೊಮೈಟ್ ಪರ್ವತಗಳ ನಡುವೆ, ದಕ್ಷಿಣ ಟಿರೋಲ್ ಎಂಬ ಸ್ವಾಯತ್ತ ಪ್ರಾಂತ್ಯದಲ್ಲಿ ಅದು ಇದೆ. ಮೊದಲ ಮಹಾಯುದ್ಧದವರೆಗೆ ಆಸ್ಟ್ರಿಯಾಕ್ಕೆ ಸೇರಿದ್ದ ಈ ಸೀಮೆ 1919ರ ಒಪ್ಪಂದದಿಂದ ಇಟಲಿಯ ಪಾಲಾಯಿತು. ಕಣಿವೆಯ ಜನರ ಮನೆಮಾತು ಜರ್ಮನ್ ಅಲ್ಲ, ಇಟಾಲಿಯನ್ನೂ ಅಲ್ಲ. ಲ್ಯಾಟಿನ್‌ನಿಂದ ಕವಲೊಡೆದ ಲದೀನ್ ಎಂಬ ಸಣ್ಣ ಭಾಷೆ ಅದು. ಆ ಸೀಮೆಯ ಐದು ಕಣಿವೆಗಳಲ್ಲಿ ಹರಡಿರುವ ಲದೀನ್ ಭಾಷಿಕರು ಒಟ್ಟು ಸುಮಾರು 30,000 ಮಂದಿ. ಕೊರ್ವಾರಾ, ಸಾನ್ ಕಸ್ಸಿಯಾನೊ, ಲಾ ವಿಲ್ಲಾ ಇಲ್ಲಿನ ಹೆಸರಾಂತ ಸ್ಕೀ ಗ್ರಾಮಗಳು. ಕೊರ್ವಾರಾ ಸಮುದ್ರಮಟ್ಟದಿಂದ 1,568 ಮೀಟರ್ ಎತ್ತರದಲ್ಲಿದೆ.

ಸ್ಕೀಯಿಂಗ್ ಎಂದರೆ ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಕ್ರೀಡೆ. ಇಟಲಿಯ ನಗರವಾಸಿಗಳಿಗೆ ಇದಕ್ಕಾಗಿಯೇ 'ಬಿಳಿ ವಾರ' ಎಂಬ ರಜೆಯುಂಟು. ಸಾಮಾನ್ಯವಾಗಿ ಶನಿವಾರ ಬಂದು ಮುಂದಿನ ಶನಿವಾರ ಹಿಂದಿರುಗುವ ವಾಡಿಕೆ. ಬೆಳಗಿನ ಉಪಾಹಾರ ಮತ್ತು ರಾತ್ರಿಯ ಊಟ ತಂಗುಮನೆಯದು. ಹಗಲಿಡೀ ಅತಿಥಿಗಳು ಬೆಟ್ಟದ ಮೇಲಿರುತ್ತಾರೆ. ತಂತಿಯ ಮೇಲೆ ಸಾಗುವ ಚೇರ್‌ಲಿಫ್ಟ್‌ನಲ್ಲಿ ಕುಳಿತು ಏರುವುದು, ಜಾರುಹಾದಿಯಲ್ಲಿ ಇಳಿಯುವುದು, ಮತ್ತೆ ಏರುವುದು. ಬಲ್ಲವರು ಒಂದೇ ದಿನದಲ್ಲಿ ಸೆಲ್ಲಾ ಎಂಬ ಬೃಹತ್ ಬಂಡೆಬೆಟ್ಟವನ್ನು ಸುತ್ತಿ, ನಾಲ್ಕು ಕಣಿವೆದಾರಿಗಳನ್ನು ದಾಟಿ ಬರುತ್ತಾರೆ. ಲಿಫ್ಟ್‌ಗಳನ್ನೂ ಸೇರಿಸಿದರೆ ಈ ಸುತ್ತು ಸುಮಾರು 40 ಕಿಲೋಮೀಟರ್.

ಸಂಜೆ ತಂಗುಮನೆಯಲ್ಲಿ ಒದ್ದೆ ಬೂಟುಗಳನ್ನು ಒಣಗಿಸಲು ಪ್ರತ್ಯೇಕ ಕೋಣೆ ಇರುತ್ತದೆ. ಸಣ್ಣ ಮನೆಗಳಲ್ಲಿ ಯಜಮಾನನೇ ಲೆಕ್ಕಪತ್ರ ನೋಡುತ್ತಾನೆ, ಯಜಮಾನಿ ಅಡುಗೆಮನೆಯ ಉಸ್ತುವಾರಿ ವಹಿಸುತ್ತಾಳೆ, ಮಕ್ಕಳು ಊಟ ಬಡಿಸುತ್ತಾರೆ. ಊಟಕ್ಕೆ ಬಾರ್ಲಿಯ ಗಂಜಿ, ಹಳೆಯ ರೊಟ್ಟಿಯಿಂದ ಮಾಡಿದ ಕಡುಬಿನಂಥ ಉಂಡೆ, ಸೊಪ್ಪು ತುಂಬಿ ಕರಿದ ತಿನಿಸು. ಇವೆಲ್ಲ ಬಡತನದ ಕಾಲದ ಅಡುಗೆಗಳು. ಇಂದು ಅತಿಥಿಗಳು ಹಣ ಕೊಟ್ಟು ಕೇಳಿ ತಿನ್ನುವ ವಿಶೇಷಗಳಾಗಿವೆ.

ಈ ಮನೆ ಹುಟ್ಟಿದ್ದು ಹೇಗೆ ಎಂಬುದು ಕೃಷಿಕರು ಗಮನಿಸಬೇಕಾದ ಸಂಗತಿ. ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಈ ಕಣಿವೆ ಕೆಲವೇ ಹಸುಗಳು, ಬಾರ್ಲಿ ಹಾಗೂ ರೈ ಧಾನ್ಯಗಳ ಇಕ್ಕಟ್ಟಾದ ಹೊಲಗಳು, ಕಡಿದಾದ ಹುಲ್ಲುಗಾವಲುಗಳನ್ನು ನಂಬಿತ್ತು. ಎರಡನೆಯ ಮಹಾಯುದ್ಧ ಮುಗಿದ ಬೆನ್ನಲ್ಲೇ ಕೊರ್ವಾರಾದಲ್ಲಿ ಚೇರ್‌ಲಿಫ್ಟ್ ಬಂತು. ರೈತರು ಮನೆಯ ಒಂದೆರಡು ಕೋಣೆಗಳನ್ನು ಬಾಡಿಗೆಗೆ ಕೊಡತೊಡಗಿದರು. ಕೋಣೆಗಳು ಹತ್ತಾದವು, ಕೆಲವು ಮನೆಗಳು ಹೋಟೆಲುಗಳಾದವು. 1974ರಲ್ಲಿ ಸುತ್ತಲಿನ ಕಣಿವೆಗಳ ಲಿಫ್ಟ್ ಸಂಸ್ಥೆಗಳು ಒಂದುಗೂಡಿ ಒಂದೇ ಟಿಕೆಟ್ಟಿನ ಒಕ್ಕೂಟ ರಚಿಸಿಕೊಂಡವು. ಇಂದು ಆ ಒಕ್ಕೂಟದ ವ್ಯಾಪ್ತಿಯಲ್ಲಿ 12 ಸ್ಕೀ ಪ್ರದೇಶಗಳೂ ಸುಮಾರು 1,200 ಕಿಲೋಮೀಟರ್ ಜಾರುಹಾದಿಗಳೂ ಇವೆ.

ಹಣ ಬಂದಾಗ ಭೂಮಿ ಕೈಬಿಟ್ಟುಹೋಗುವುದು ಸಾಮಾನ್ಯ. ಇಲ್ಲಿ ಅದು ಬಹುಮಟ್ಟಿಗೆ ಆಗಲಿಲ್ಲ. ಇದಕ್ಕೆ ಒಂದು ಮುಖ್ಯ ಕಾರಣ 'ಮುಚ್ಚಿದ ಹಿಡುವಳಿ' ಎಂಬ ಹಳೆಯ ಪದ್ಧತಿ. ಅದರಂತೆ ಮನೆ, ಕೊಟ್ಟಿಗೆ, ಹೊಲ, ಹುಲ್ಲುಗಾವಲು, ಕಾಡು ಎಲ್ಲವೂ ಒಡೆಯದೆ ಒಬ್ಬನೇ ವಾರಸುದಾರನಿಗೆ ಸೇರುತ್ತವೆ. ಉಳಿದವರಿಗೆ ಪರಿಹಾರ ಸಲ್ಲುತ್ತದೆ. 1929ರಲ್ಲಿ ಫ್ಯಾಸಿಸ್ಟ್ ಆಡಳಿತ ಇದನ್ನು ರದ್ದುಮಾಡಿತು. 1954ರಲ್ಲಿ ಪ್ರಾಂತ್ಯ ಅದನ್ನು ಮತ್ತೆ ಜಾರಿಗೆ ತಂದಿತು. ಗಂಡುಮಕ್ಕಳಿಗೆ ಕೊಡುತ್ತಿದ್ದ ಆದ್ಯತೆಯನ್ನು 2001ರ ಕಾನೂನು ತೆಗೆದುಹಾಕಿತು. ಪದ್ಧತಿಯಲ್ಲಿ ಅನ್ಯಾಯವಿಲ್ಲದಿರಲಿಲ್ಲ, ಪಾಲು ಸಿಗದೆ ಊರು ಬಿಟ್ಟ ತಮ್ಮ ತಂಗಿಯರು ಪ್ರತಿ ಪೀಳಿಗೆಯಲ್ಲೂ ಇದ್ದರು. ಆದರೆ ಭೂಮಿ ತುಂಡಾಗಿ ಹೊರಗಿನ ಬಂಡವಾಳಿಗರ ಪಾಲಾಗುವುದನ್ನು ಅದು ತಡೆಯಿತೆಂಬುದೂ ನಿಜ.

ಜಾರುಹಾದಿ ಎಂಬುದು ಎಷ್ಟೋ ಕಡೆ ಇದೇ ರೈತರ ಹುಲ್ಲುಗಾವಲು. ಚಳಿಗಾಲದಲ್ಲಿ ಲಿಫ್ಟ್ ಸಂಸ್ಥೆಗೆ ಬಳಸಲು ಬಿಟ್ಟು, ಬೇಸಿಗೆಯಲ್ಲಿ ಹುಲ್ಲು ಕೊಯ್ಯುತ್ತಾರೆ. ಕೊಯ್ಲು ಕೇವಲ ಹಸುವಿನ ಮೇವಿಗಾಗಿ ಅಲ್ಲ. ಕೊಯ್ಯದೆ ಬಿಟ್ಟ ನೀಳ ಹುಲ್ಲು ಚಳಿಗಾಲದಲ್ಲಿ ಮಲಗಿ ಚಾಪೆಯಂತಾಗುತ್ತದೆ, ಅದರ ಮೇಲಿನ ಹಿಮ ಸುಲಭವಾಗಿ ಜಾರುತ್ತದೆ. ಕೆಲವೇ ವರ್ಷಗಳಲ್ಲಿ ಪೊದೆಯೂ ಲಾರ್ಚ್ ಸಸಿಗಳೂ ಹುಲ್ಲುಗಾವಲನ್ನು ಆವರಿಸುತ್ತವೆ. ಪ್ರವಾಸಿಗರು ಮೆಚ್ಚುವ ಆ ಹಸಿರು ಇಳಿಜಾರು ಪ್ರಕೃತಿಯ ಕೊಡುಗೆಯಷ್ಟೇ ಅಲ್ಲ, ಕುಡುಗೋಲಿನ ದುಡಿಮೆಯ ಫಲ.

ಈ ವ್ಯವಸ್ಥೆಗೆ ಇದ್ದ ಏಕೈಕ ಷರತ್ತು ಹಿಮ. ಅದೀಗ ಸಡಿಲಗೊಂಡಿದೆ. ದಕ್ಷಿಣ ಟಿರೋಲ್‌ನ ಬೊಲ್ಜಾನೊ ನಗರದ ಯುರಾಕ್ ಸಂಸ್ಥೆಯ ಸಂಶೋಧಕರು ಹಲವು ದೇಶಗಳ ವಿಜ್ಞಾನಿಗಳೊಡನೆ ಆಲ್ಪ್ಸ್‌ನ 2,000ಕ್ಕೂ ಹೆಚ್ಚು ಕೇಂದ್ರಗಳ ದಾಖಲೆಗಳನ್ನು ಪರಿಶೀಲಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. 1971ರಿಂದ 2019ರ ಅವಧಿಯಲ್ಲಿ ನವೆಂಬರ್‌ನಿಂದ ಮೇ ತಿಂಗಳವರೆಗಿನ ಹಿಮದ ಸರಾಸರಿ ಆಳ ಪ್ರತಿ ದಶಕಕ್ಕೆ ಶೇ. 8.4ರಷ್ಟು ಕುಗ್ಗಿದೆ. ಹಿಮ ನೆಲದ ಮೇಲಿರುವ ಅವಧಿ ದಶಕಕ್ಕೆ ಶೇ. 5.6ರಷ್ಟು ಕಡಿಮೆಯಾಗಿದೆ. 2022ರ ಜುಲೈ 3ರಂದು ಡೋಲೊಮೈಟ್‌ನ ಅತ್ಯುನ್ನತ ಶಿಖರವಾದ ಮರ್ಮೊಲಾಡಾದ ಹಿಮನದಿಯ ಒಂದು ಭಾಗ ಕುಸಿದು 11 ಮಂದಿ ಸತ್ತರು.

ಹಿಮ ಬೀಳದಿದ್ದರೆ ತಯಾರಿಸುವುದು ಉದ್ಯಮದ ಉತ್ತರ. 1980ರ ದಶಕದ ಕೊನೆಯಲ್ಲಿ ಹಿಮವಿಲ್ಲದ ಚಳಿಗಾಲಗಳು ಸಾಲಾಗಿ ಬಂದಾಗ ಹಿಮದ ಯಂತ್ರಗಳು ವ್ಯಾಪಕವಾದವು. ಇಂದು ಇಟಲಿಯ ಜಾರುಹಾದಿಗಳಲ್ಲಿ ಸುಮಾರು ಶೇ. 90ರಷ್ಟಕ್ಕೆ ಕೃತಕ ಹಿಮದ ವ್ಯವಸ್ಥೆಯಿದೆ. ಯಂತ್ರ ನೀರನ್ನು ಸೂಕ್ಷ್ಮ ಹನಿಗಳಾಗಿ ಚಿಮ್ಮಿಸುತ್ತದೆ, ಅವು ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟಬೇಕು. ಅದಕ್ಕೆ ಗಾಳಿ ಸೊನ್ನೆಗಿಂತ ತಣ್ಣಗಿದ್ದರೆ ಸಾಲದು, ಒಣಗಿಯೂ ಇರಬೇಕು. ಒಂದು ಹೆಕ್ಟೇರ್ ಜಾರುಹಾದಿಗೆ 30 ಸೆಂಟಿಮೀಟರ್ ದಪ್ಪದ ತಳಪದರ ಹಾಸಲು ಸರಿಸುಮಾರು 10 ಲಕ್ಷ ಲೀಟರ್ ನೀರು ಬೇಕು. ಚಳಿಗಾಲದಲ್ಲಿ ಪರ್ವತದ ತೊರೆಗಳು ವರ್ಷದಲ್ಲೇ ಅತ್ಯಂತ ಬಡಕಲಾಗಿರುತ್ತವೆ. ಆದ್ದರಿಂದ ಮೊದಲೇ ನೀರು ಕೂಡಿಡಲು ಬೆಟ್ಟದ ಮೇಲೆ ಕೊಳಗಳನ್ನು ತೋಡಲಾಗುತ್ತದೆ. ಹುಲ್ಲುಗಾವಲಿನ ಒಂದು ಪಾಲು ಅಲ್ಲಿಗೆ ಹೋಯಿತು.

ಉಳಿದ ಹುಲ್ಲಿಗೆ ಏನಾಗುತ್ತದೆ? ಕೃತಕ ಹಿಮ ಸಹಜ ಹಿಮಕ್ಕಿಂತ ದಟ್ಟ. ಯಂತ್ರಗಳು ಅದನ್ನು ಮತ್ತಷ್ಟು ಒತ್ತುತ್ತವೆ. ಅದು ವಸಂತದಲ್ಲಿ ತಡವಾಗಿ ಕರಗುತ್ತದೆ, ಹುಲ್ಲಿನ ಚಿಗುರು ತಡವಾಗುತ್ತದೆ. ತೊರೆಯ ನೀರಿನಲ್ಲಿನ ಖನಿಜಾಂಶಗಳೂ ಮಣ್ಣಿಗೆ ಸೇರುವುದರಿಂದ ಬಡ ಮಣ್ಣಿಗೆ ಒಗ್ಗಿದ ಅಪರೂಪದ ಹೂಗಿಡಗಳು ಹಿಂದೆ ಸರಿಯುತ್ತವೆ. ಎಲ್ಲಕ್ಕಿಂತ ದೊಡ್ಡ ಗಾಯ ಜಾರುಹಾದಿಯನ್ನು ಸಮತಟ್ಟು ಮಾಡುವ ಬುಲ್ಡೋಜರಿನದು. ಮರಗಳು ಬೆಳೆಯುವ ಮಿತಿಗಿಂತ ಎತ್ತರದಲ್ಲಿ ಒಮ್ಮೆ ಕಿತ್ತ ಮೇಲ್ಮಣ್ಣು ದಶಕಗಳಾದರೂ ಮೊದಲಿನ ಸ್ಥಿತಿಗೆ ಮರಳುವುದಿಲ್ಲ.

ಯಂತ್ರಕ್ಕೂ ಮಿತಿಯಿದೆ. ಯುರೋಪಿನ 28 ದೇಶಗಳ 2,234 ಸ್ಕೀ ಕೇಂದ್ರಗಳ ಕುರಿತು 2023ರಲ್ಲಿ ಪ್ರಕಟವಾದ ಅಧ್ಯಯನದಂತೆ, ಭೂಮಿಯ ತಾಪ 2 ಡಿಗ್ರಿ ಏರಿದರೆ ಕೃತಕ ಹಿಮವಿಲ್ಲದೆ ಶೇ. 53ರಷ್ಟು ಕೇಂದ್ರಗಳಿಗೆ ಹಿಮದ ಕೊರತೆಯ ಅಪಾಯ ಅತಿ ಹೆಚ್ಚು. ಅರ್ಧದಷ್ಟು ಜಾರುಹಾದಿಗೆ ಕೃತಕ ಹಿಮ ಹಾಕಿದರೆ ಆ ಪ್ರಮಾಣ ಶೇ. 27ಕ್ಕೆ ಇಳಿಯುತ್ತದೆ. ಆದರೆ ತಾಪ 4 ಡಿಗ್ರಿ ಏರಿದರೆ ಯಂತ್ರಗಳಿದ್ದೂ ಶೇ. 71ರಷ್ಟು ಕೇಂದ್ರಗಳು ಅದೇ ಅಪಾಯದಲ್ಲಿರುತ್ತವೆ. ಯಂತ್ರದಿಂದ ಕಾಲಾವಕಾಶ ದೊರೆಯುತ್ತದೆ, ಪರಿಹಾರ ದೊರೆಯುವುದಿಲ್ಲ.

ಈ ಕಾಲಾವಕಾಶದ ಬೆಲೆ ಕಡೆಗೆ ಬೀಳುವುದು ಕುಟುಂಬದ ಮೇಲೆ. ಕೃತಕ ಹಿಮದ ಖರ್ಚು ಲಿಫ್ಟ್ ಟಿಕೆಟ್ಟಿಗೆ ಸೇರುತ್ತದೆ. ಟಿಕೆಟ್ಟು ದುಬಾರಿಯಾದಂತೆ ಸಾಧಾರಣ ವರಮಾನದ ಅತಿಥಿಗಳು ದೂರವಾಗುತ್ತಾರೆ. ಬರುವ ಶ್ರೀಮಂತರಿಗೆ ಈಜುಕೊಳವೂ ಉಗಿಸ್ನಾನದ ಕೋಣೆಯೂ ಬೇಕು, ಅದಕ್ಕೆ ಸಾಲ ಬೇಕು. ಸಾಲ ತೀರಿಸಲು ಇನ್ನಷ್ಟು ಹಾಸಿಗೆಗಳು ಬೇಕು. ಹಸುವನ್ನು ಮಾರಿ ಕೊಟ್ಟಿಗೆಯನ್ನೂ ಕೋಣೆಗಳಾಗಿ ಮಾರ್ಪಡಿಸಿದ ಮನೆಯಲ್ಲಿ ಹುಲ್ಲು ಕೊಯ್ಯುವವರು ಯಾರು? ಮುಚ್ಚಿದ ಹಿಡುವಳಿ ಕಾಗದದ ಮೇಲೆ ಉಳಿದಿರುತ್ತದೆ, ಕೃಷಿ ಹೋಗಿರುತ್ತದೆ. ಇಂದು ಆ ಮನೆಯ ವಾರಸು ವಹಿಸಿಕೊಳ್ಳುವ ಮಗನೋ ಮಗಳೋ ಈ ಲೆಕ್ಕವನ್ನೇ ಮೊದಲು ಬಿಡಿಸಬೇಕು.

ಪ್ರಾಂತ್ಯದ ಸರ್ಕಾರ ಇದನ್ನು ಸ್ವಲ್ಪಮಟ್ಟಿಗೆ ಅರಿತಿದೆ. ವರ್ಷಕ್ಕೆ 3 ಕೋಟಿಗೂ ಹೆಚ್ಚು ರಾತ್ರಿವಾಸಗಳನ್ನು ಕಾಣುವ ದಕ್ಷಿಣ ಟಿರೋಲ್, 2022ರಲ್ಲಿ ಪ್ರವಾಸಿ ಹಾಸಿಗೆಗಳ ಸಂಖ್ಯೆಗೆ ಕಾನೂನಿನ ಮಿತಿ ವಿಧಿಸಿತು. ನೆರೆಯ ಕೊರ್ತೀನಾದ ಕತೆ ಬೇರೆ. 2026ರ ಚಳಿಗಾಲದ ಒಲಿಂಪಿಕ್ಸ್‌ನ ಹಿಮಬಂಡಿ ಸ್ಪರ್ಧೆಗಾಗಿ ಹೊಸ ಪಥ ನಿರ್ಮಿಸಲು 2024ರ ಆರಂಭದಲ್ಲಿ ಅಲ್ಲಿ ನೂರಾರು ಲಾರ್ಚ್ ಮರಗಳನ್ನು ಕಡಿಯಲಾಯಿತು. ಬೇರೆ ದೇಶದಲ್ಲಿ ಈಗಾಗಲೇ ಇರುವ ಪಥವನ್ನು ಬಳಸಬಹುದೆಂಬ ಸಲಹೆಗೆ ಮನ್ನಣೆ ಸಿಗಲಿಲ್ಲ.

ಬೇರೆ ದಾರಿಗಳೂ ಇವೆ. ಬಾದಿಯಾ ಕಣಿವೆಯದೇ ಕವಲಾದ ಲುಂಜಾರು ಗ್ರಾಮ ದೊಡ್ಡ ಲಿಫ್ಟ್‌ಗಳಿಲ್ಲದೆ, ಹಳೆಯ ನೀರುಗಿರಣಿಗಳನ್ನೂ ಒತ್ತೊತ್ತಾದ ರೈತಮನೆಗಳ ಗುಂಪುಗಳನ್ನೂ ಉಳಿಸಿಕೊಂಡಿದೆ. ಆಸ್ಟ್ರಿಯಾದ ಆಲ್ಪೈನ್ ಕ್ಲಬ್ 2008ರಲ್ಲಿ ಆರಂಭಿಸಿದ 'ಪರ್ವತಾರೋಹಿಗಳ ಗ್ರಾಮ'ಗಳ ಜಾಲಕ್ಕೆ ಅದು ಸೇರಿದೆ. ದೂರದ ಪಿಯೆಮೊಂತೆಯ ಮಾಯ್ರಾ ಕಣಿವೆಯಲ್ಲಿ ಚಳಿಗಾಲದ ಅತಿಥಿಗಳು ಸ್ಕೀ ಪಟ್ಟಿಯ ಅಡಿಗೆ ಜಾರದ ಬಟ್ಟೆ ಅಂಟಿಸಿಕೊಂಡು ಕಾಲ್ನಡೆಯಲ್ಲೇ ಬೆಟ್ಟ ಏರಿ ಇಳಿಯುತ್ತಾರೆ; ಸಣ್ಣ ತಂಗುಮನೆಗಳಲ್ಲಿ ಉಳಿಯುತ್ತಾರೆ. ಆದರೆ ಈ ದಾರಿಗಳಿಂದ ಬರುವ ವರಮಾನ ಕಡಿಮೆ ಎಂಬುದನ್ನು ಮರೆಮಾಚಬಾರದು. ಮಾಯ್ರಾ ಕಣಿವೆ ತನ್ನ ಬಹುಪಾಲು ಜನರನ್ನು ಮೊದಲೇ ಕಳೆದುಕೊಂಡಿತ್ತು. ಉಳಿದ ಕೆಲವರಿಗೆ ಸಾಕಾಗುವ ಆದಾಯ, ತುಂಬಿದ ಊರಿಗೆ ಸಾಕಾಗಲಾರದು.

ಮಲೆನಾಡಿನಲ್ಲಿ ಹಿಮವಿಲ್ಲ, ಹೋಂಸ್ಟೇ ಇದೆ. ಡೋಲೊಮೈಟ್ 2009ರಲ್ಲಿ, ಪಶ್ಚಿಮ ಘಟ್ಟ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಎರಡೂ ಕಡೆ ಮನೆಯ ಹಿಂದೆ ಗುಡ್ಡವೂ ಗುಡ್ಡದಲ್ಲಿ ಹುಲ್ಲೂ ಸೊಪ್ಪೂ ಇವೆ. ಬಾದಿಯಾದ ಅನುಭವದಿಂದ ಮೂರು ಪ್ರಶ್ನೆಗಳನ್ನು ಎತ್ತಿಕೊಳ್ಳಬಹುದು. ಅತಿಥಿಗಳಿಂದ ಬಂದ ಹಣದಲ್ಲಿ ಎಷ್ಟು ಪಾಲು ತೋಟಕ್ಕೂ ಬ್ಯಾಣಕ್ಕೂ ಹಿಂದಿರುಗುತ್ತಿದೆ? ಊರಿನ ತೊರೆ ಬೇಸಿಗೆಯಲ್ಲಿ ಎಷ್ಟು ಹಾಸಿಗೆಗಳನ್ನು ತಾಳಬಲ್ಲದು, ಅದನ್ನು ಲೆಕ್ಕಹಾಕಿದ ಗ್ರಾಮ ಪಂಚಾಯಿತಿ ಯಾವುದು? ಅತಿಥಿಗಳು ಒಂದು ವರ್ಷ ಬಾರದಿದ್ದರೆ ಮನೆ ನಡೆಯುತ್ತದೆಯೆ? 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಈ ಕೊನೆಯ ಪ್ರಶ್ನೆ ಅಲ್ಲಿನ ಅನೇಕ ಮನೆಗಳ ಮುಂದೆ ನಿಂತಿತ್ತು.

ಹಿಮ ಆ ಕುಟುಂಬಗಳ ಆಸ್ತಿಯಾಗಿರಲಿಲ್ಲ. ಎಪ್ಪತ್ತು ವರ್ಷ ಕೈಗೆ ಬಂದ ಫಸಲಾಗಿತ್ತು. ಅವರ ನಿಜವಾದ ಆಸ್ತಿ ಹುಲ್ಲುಗಾವಲು, ತೊರೆ, ಒಡೆಯದ ಹಿಡುವಳಿ ಮತ್ತು ಅತಿಥಿಗಳಿಗೆ ಬಡಿಸಲು ತಮ್ಮದೇ ಆದ ಊಟ. ಹಸುವನ್ನು ಉಳಿಸಿಕೊಂಡ ಮನೆಗೆ ಹಿಮವಿಲ್ಲದ ಚಳಿಗಾಲದಲ್ಲೂ ಒಂದು ಕೆಲಸವಿದೆ. ಮಲೆನಾಡಿನ ಹೋಂಸ್ಟೇಗಳು ತಮ್ಮ ಕೊಟ್ಟಿಗೆಯನ್ನು ಕೋಣೆಗಳಾಗಿ ಬದಲಿಸುವ ಮೊದಲು ಈ ಮಾತನ್ನು ಮನೆಮಂದಿಯೆಲ್ಲ ಕುಳಿತು ಚರ್ಚಿಸಲಿ, ಗ್ರಾಮಸಭೆಯಲ್ಲೂ ಚರ್ಚಿಸಲಿ.