ಹಳೆಯ ಕಂಪ್ಯೂಟರಿಗೆ ಹೆಚ್ಚಿನ ಓಟ

(ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ಈ ಮೇಜಿನ ಮುಂದೆ ನಿಂತವರು ಸಾಮಾನ್ಯವಾಗಿ ಸಾಹಿತ್ಯದ ಮಾತನಾಡುತ್ತಾರೆ. ನಾನಾದರೋ ಪ್ರೊಸೆಸರಿನ ಮಾತನ್ನೆತ್ತಿದ್ದೇನೆ; ಮನ್ನಿಸಬೇಕು. ನಮ್ಮಲ್ಲಿ ಕೆಲವರು ಕಚೇರಿಗಳು ತೆಗೆದುಹಾಕಿದ ಕಂಪ್ಯೂಟರನ್ನು ಅಗ್ಗಕ್ಕೆ ಕೊಂಡು, ಟಿ.ವಿ.ಗೆ ಜೋಡಿಸಿ, ಒಂದೇ ಕೋಣೆಯ ಮನೆಯಲ್ಲಿ ಚಿತ್ರಮಂದಿರವನ್ನು ಕಟ್ಟಿಕೊಂಡಿದ್ದಾರೆ. ನಾನೂ ಅವರಲ್ಲೊಬ್ಬ.

ನನ್ನದು 2005ರ ಕಾಲದ ಅಥ್ಲಾನ್ 64, 3200 ಪ್ಲಸ್ ಎಂಬ ಪ್ರೊಸೆಸರ್. ಒಂದೇ ಕೋರ್, ಒಂಟೆತ್ತಿನ ಗಾಡಿಯೆನ್ನಿ. 1954ರ ‘ಬೇಡರ ಕಣ್ಣಪ್ಪ’ದಂತಹ ಚಿತ್ರದ ಡಿ.ವಿ.ಡಿ.ಯನ್ನು ಅದು ಸಲೀಸಾಗಿ ಎಳೆಯುತ್ತದೆ. ಡಿ.ವಿ.ಡಿ.ಯ ಚಿತ್ರದಲ್ಲಿ ಅಡ್ಡಲಾಗಿ 720, ಎತ್ತರಕ್ಕೆ 576 ಚುಕ್ಕೆಗಳು. 1920ಕ್ಕೆ 1080ರ ಚಿತ್ರದಲ್ಲಿ ಚುಕ್ಕೆಗಳು ಸರಿಯಾಗಿ ಐದು ಪಟ್ಟು! ಮೇಲಾಗಿ ಎಚ್.264 ಎಂಬ ಬಿಗಿಯಾದ ಕಟ್ಟನ್ನು ಬಿಚ್ಚಬೇಕು. ಮಾತು ಮುಂದೆ, ತುಟಿ ಹಿಂದೆ, ಮನೆಯವರೆಲ್ಲ ನಗತೊಡಗಿದರು.

ಆಗ ಒಬ್ಬ ಗೆಳೆಯರು ಓವರ್‌ಕ್ಲಾಕಿಂಗ್ ಮಾಡಿರೆಂದರು. ಇದೇನು ಹೊಸ ವಿದ್ಯೆಯಲ್ಲ. 1998ರ ಸೆಲೆರಾನ್ 300ಎ ಪ್ರೊಸೆಸರನ್ನು 300ರಿಂದ 450 ಮೆಗಾಹರ್ಟ್ಸ್‌ಗೆ ಓಡಿಸಿದವರು ಬಹಳ ಮಂದಿ. ಇದರ ಮರ್ಮ ಹಿಟ್ಟಿನ ಗಿರಣಿಯಲ್ಲಿದೆ. ಮೋಟಾರು ಒಂದು, ಅದರ ಪಟ್ಟಾದಿಂದ ತಿರುಗುವ ಗಾಲಿಗಳು ಹಲವು. ನನ್ನ ಯಂತ್ರದ ಮೋಟಾರು ಮದರ್‌ಬೋರ್ಡಿನ 200 ಮೆಗಾಹರ್ಟ್ಸ್ ಬಡಿತ. ಪ್ರೊಸೆಸರ್ ಅದರ ಹತ್ತು ಪಟ್ಟು, ಎಂದರೆ 2000. ಮೂಲ ಬಡಿತವನ್ನು 240 ಮಾಡಿದರೆ ಪ್ರೊಸೆಸರ್ 2400ಕ್ಕೆ ಓಡುತ್ತದೆ. ಕಾಸು ಖರ್ಚಿಲ್ಲ. ನಾನು ಹಾಗೆಯೇ ಮಾಡಿದೆ. ಚಿತ್ರ ತುಸು ಸಲೀಸಾಯಿತು. ಹೊಡೆದಾಟದ ದೃಶ್ಯ ಬಂದರೆ ಮಾತ್ರ ಮತ್ತೆ ಅದೇ ತಡವರಿಕೆ.

ಆದರೆ ಪಟ್ಟಾಕ್ಕೆ ಬೇರೆ ಗಾಲಿಗಳೂ ಕಟ್ಟಿದ್ದವೆಂಬುದನ್ನು ನಾನು ಮರೆತಿದ್ದೆ. ಕೆಲವು ಹಳೆಯ ಬೋರ್ಡುಗಳಲ್ಲಿ ಪಿ.ಸಿ.ಐ. ಮಾರ್ಗದ ಬಡಿತಕ್ಕೆ ಬೀಗವಿರುವುದಿಲ್ಲ. ನನ್ನದು ಅಂಥದೇ. 33 ಮೆಗಾಹರ್ಟ್ಸ್ ಇರಬೇಕಾದದ್ದು 40ಕ್ಕೆ ಏರಿತು. ಹಾರ್ಡ್ ಡಿಸ್ಕಿಗೆ ಬರೆಯುವ ಅಕ್ಷರಗಳು ಅದೇ ದಾರಿಯಲ್ಲಿ ಸಾಗುತ್ತಿದ್ದವು. ಮೂರನೆಯ ರಾತ್ರಿ ಡಿಸ್ಕು ತೆರೆಯಲೇ ಇಲ್ಲ. ಸಿನಿಮಾಗಳು ಹೋಗಲಿ, ಮತ್ತೆ ಸಿಕ್ಕಾವು. ಅದರಲ್ಲಿ ನಮ್ಮವ್ವ ಹಾಡಿದ ಬೀಸುವ ಪದಗಳಿದ್ದವು. ಟೇಪಿನಿಂದ ಇಳಿಸಿಕೊಂಡಿದ್ದೆ, ಟೇಪು ಅಷ್ಟರಲ್ಲಿ ಬೂಸ್ಟು ಹಿಡಿದಿತ್ತು. ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು.

ಆದ್ದರಿಂದ ಬಯಾಸ್ ತೆರೆಯುವ ಮೊದಲು ಬೇಕಾದದ್ದನ್ನೆಲ್ಲ ಬೇರೊಂದು ಡಿಸ್ಕಿಗೆ ಇಳಿಸಿ, ಆ ಡಿಸ್ಕನ್ನು ಕಳಚಿ ಕಪಾಟಿನಲ್ಲಿಡಿ. ಬಳಿಕ ನಿಮ್ಮ ಬೋರ್ಡಿಗೆ ಬೀಗವುಂಟೋ ಇಲ್ಲವೋ ವಿಚಾರಿಸಿ; ಇಲ್ಲವಾದರೆ ಈ ಆಸೆಯನ್ನೇ ಬಿಡಿ. ಇದ್ದರೆ ಮೆಮೊರಿಯನ್ನು ಒಂದು ಮೆಟ್ಟಿಲು ಇಳಿಸಿ, ಹೈಪರ್‌ಟ್ರಾನ್ಸ್‌ಪೋರ್ಟಿನ ಪಟ್ಟನ್ನು ಐದರಿಂದ ನಾಲ್ಕಕ್ಕೆ ತನ್ನಿ: 240ರ ಐದು ಪಟ್ಟು 1200 ಆಗುತ್ತದೆ, ಅದು ತಾಳುವುದು ಸುಮಾರು 1000. ಮೂಲ ಬಡಿತವನ್ನು ಐದೈದೇ ಏರಿಸಿ. ಪ್ರತಿ ಸಲವೂ ಮೆಮ್‌ಟೆಸ್ಟ್, ಪ್ರೈಮ್95 ಇವುಗಳನ್ನು ಕೆಲವು ತಾಸು ಓಡಿಸಿ ನೋಡಿ.

ಇನ್ನು ಸೆಕೆ. ವೇಗ ಹೆಚ್ಚಿದಷ್ಟೂ ಶಾಖ ಹೆಚ್ಚು. ವೋಲ್ಟ್ ಏರಿಸಿದರಂತೂ ವರ್ಗದ ಲೆಕ್ಕದಲ್ಲಿ ಹೆಚ್ಚು. 1.4ರಿಂದ 1.5 ವೋಲ್ಟಿಗೆ ಏರಿಸಿ 2400ಕ್ಕೆ ಓಡಿಸಿದರೆ ವೇಗ ನೂರಕ್ಕೆ ಇಪ್ಪತ್ತು ಹೆಚ್ಚಿತು, ಶಾಖ ಸುಮಾರು ಮೂವತ್ತೆಂಟು! ಪುಣೆಯ ಏಪ್ರಿಲ್ ತಿಂಗಳಲ್ಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ, ಟಿ.ವಿ. ಕೆಳಗಿನ ಗೂಡಿನಲ್ಲಿ ಅದನ್ನು ತುರುಕಿದರೆ ಪಾಪ ಅದೇನು ಮಾಡೀತು? ವೋಲ್ಟನ್ನು ಮುಟ್ಟಬೇಡಿ. ಧೂಳು ತೆಗೆದು, ಒಣಗಿದ ಪೇಸ್ಟನ್ನು ಒರೆಸಿ ಹೊಸದು ಹಚ್ಚಿ. ತಪಕೀರ ಗಲ್ಲಿಗೆ ಹೋದವರು ಒಂದು ದೊಡ್ಡ ಫ್ಯಾನನ್ನೂ ತನ್ನಿ. ದೊಡ್ಡದು ನಿಧಾನ ತಿರುಗುತ್ತದೆ, ಹಾಡಿನ ನಡುವೆ ಸದ್ದು ಮಾಡದು.

ನಿಜ ಹೇಳಬೇಕೆಂದರೆ, ಎಚ್.264 ಬಿಚ್ಚುವ ಶಕ್ತಿ ತನಗೇ ಇರುವ ಹಳೆಯ ಗ್ರಾಫಿಕ್ಸ್ ಕಾರ್ಡು ಸಿಕ್ಕರೆ ಈ ಪಾಡೊಂದೂ ಬೇಡ. ಪ್ರೊಸೆಸರ್ ತೂಕಡಿಸುತ್ತ ಕೂತಿರುತ್ತದೆ. ಅಂತರ್ಜಾಲದಲ್ಲಿ ಈಗ ಹೆಚ್ಚಾಗಿ ಬರುವ ವಿಪಿ9, ಎವಿ1 ಕಟ್ಟುಗಳು ಮಾತ್ರ ಆ ಕಾರ್ಡಿಗೂ ಬಿಚ್ಚಲಾರವು. ನಾನೀಗ ಅಂಥ ಕಾರ್ಡನ್ನೇ ಹಾಕಿ ಪ್ರೊಸೆಸರನ್ನು ಮತ್ತೆ 2000ಕ್ಕೆ ಇಳಿಸಿದ್ದೇನೆ.

ಯಂತ್ರವನ್ನು ಯಾರೂ ಇಲ್ಲಿಗೆ ಹೊತ್ತು ತರಬೇಕಾಗಿಲ್ಲ. ಬೋರ್ಡಿನ ಹೆಸರನ್ನು ಚೀಟಿಯಲ್ಲಿ ಬರೆದು ತನ್ನಿ; ಭಾನುವಾರ ಇದೇ ಮೇಜಿನ ಮೇಲೆ ನೋಡೋಣ.