ವಿದ್ಯುತ್ ಕಾರಿಗೆ ಇನ್ನೊಂದು ಚಾರ್ಜರ್: ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು



ವಿದ್ಯುತ್ತಿನಿಂದ ಓಡುವ ಕಾರು ಕರ್ನಾಟಕಕ್ಕೆ ತೀರ ಹೊಸದೇನಲ್ಲ. 2001ರಲ್ಲೇ ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ಪುಟ್ಟ ಕಾರು ನಮ್ಮ ರಸ್ತೆಗಳಿಗೆ ಇಳಿದಿತ್ತು. ಮನೆಯ 15 ಆಂಪಿಯರ್ ಪವರ್ ಪ್ಲಗ್ಗಿಗೆ ಸಿಕ್ಕಿಸಿ ಅದನ್ನು ಚಾರ್ಜು ಮಾಡಲಾಗುತ್ತಿತ್ತು. 2017ರಲ್ಲಿ ರಾಜ್ಯ ಸರ್ಕಾರ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿತು. ಇಂದು ಜಿಲ್ಲಾ ಕೇಂದ್ರಗಳಲ್ಲಿ ಮಾತ್ರವಲ್ಲ, ತಾಲ್ಲೂಕು ಪಟ್ಟಣಗಳಲ್ಲೂ ಈ ಕಾರುಗಳು ಓಡಾಡುತ್ತಿವೆ.

ಕಾರು ಕೊಂಡ ಕೆಲವು ತಿಂಗಳಲ್ಲೇ ಅನೇಕರಿಗೆ ಒಂದು ಪ್ರಶ್ನೆ ಏಳುತ್ತದೆ. ಕಾರಿನ ಜೊತೆಗೆ ಬಂದ ಚಾರ್ಜರ್ ಮನೆಯಲ್ಲಿದೆ. ಹಬ್ಬಕ್ಕೆ ಊರಿಗೆ ಹೋದಾಗ, ಮಗಳ ಮನೆಯಲ್ಲಿ ನಾಲ್ಕು ದಿನ ಉಳಿದಾಗ, ಅಥವಾ ಇದ್ದ ಚಾರ್ಜರ್ ಕೆಟ್ಟಾಗ ಕೈಗೆ ಇನ್ನೊಂದು ಬೇಕು. ಕಾರಿನ ಕಂಪನಿಯಲ್ಲಿ ಕೇಳಿದರೆ ಬೆಲೆ ಹೆಚ್ಚೆನಿಸುತ್ತದೆ. ಹೊರಗಿನ ಅಂಗಡಿಯಲ್ಲಿ ಅದಕ್ಕಿಂತ ಕಡಿಮೆಗೆ ಹತ್ತಾರು ಬಗೆಯವು ಸಿಗುತ್ತವೆ. ಹಾಗಾದರೆ ಯಾವುದನ್ನು ಕೊಳ್ಳಬೇಕು? ಅಗ್ಗದ್ದು ಕೊಂಡರೆ ಅಪಾಯವೇ? ಈ ವಿಷಯವನ್ನು ಇಂದು ವಿಚಾರ ಮಾಡೋಣ.

ಮೊದಲಿಗೆ ಈ ಸಾಧನ ಏನು ಎಂಬುದನ್ನು ತಿಳಿಯಬೇಕು. ನಾವು ಇದನ್ನು ಚಾರ್ಜರ್ ಎಂದು ಕರೆದರೂ ನಿಜವಾದ ಚಾರ್ಜರ್ ಕಾರಿನ ಒಳಗೇ ಇದೆ. ಮನೆಗೆ ಬರುವ ಎ.ಸಿ. ವಿದ್ಯುತ್ತನ್ನು ಬ್ಯಾಟರಿಗೆ ಬೇಕಾದ ಡಿ.ಸಿ. ವಿದ್ಯುತ್ತಾಗಿ ಮಾರ್ಪಡಿಸುವ ಕೆಲಸವನ್ನು ಮಾಡುವುದು ಆ ಒಳಗಿನ ಚಾರ್ಜರ್. ನಮ್ಮ ಕೈಯಲ್ಲಿರುವುದು ಒಂದು ಕೇಬಲ್, ಅದರ ನಡುವೆ ಒಂದು ಪೆಟ್ಟಿಗೆ. ಒಂದು ತುದಿಯಲ್ಲಿ ಮೂರು ಪಿನ್ನಿನ ಪ್ಲಗ್, ಇನ್ನೊಂದು ತುದಿಯಲ್ಲಿ ಕಾರಿಗೆ ಸಿಕ್ಕಿಸುವ ಕನೆಕ್ಟರ್.

ಹಾಗಾದರೆ ನಡುವಿನ ಪೆಟ್ಟಿಗೆಯ ಕೆಲಸವೇನು? ಅದು ಕಾವಲುಗಾರನ ಕೆಲಸ. ಸಾಕೆಟ್ಟಿನಲ್ಲಿ ಅರ್ತಿಂಗ್, ಅಂದರೆ ಭೂಸಂಪರ್ಕ, ಸರಿಯಾಗಿದೆಯೇ ಎಂದು ಅದು ನೋಡುತ್ತದೆ. ಕನೆಕ್ಟರ್ ಕಾರಿನಲ್ಲಿ ಭದ್ರವಾಗಿ ಕೂತಿದೆಯೇ ಎಂದು ಪರೀಕ್ಷಿಸುತ್ತದೆ. ಅದಾದ ಮೇಲಷ್ಟೇ ವಿದ್ಯುತ್ತನ್ನು ಒಳಗೆ ಬಿಡುತ್ತದೆ. ಕಾರಿಗೆ ಒಂದು ಸಣ್ಣ ಸಂಕೇತವನ್ನು ಕಳುಹಿಸಿ, ಇಷ್ಟು ಆಂಪಿಯರಿಗಿಂತ ಹೆಚ್ಚು ಎಳೆಯಬೇಡ ಎಂದು ತಿಳಿಸುತ್ತದೆ. ಕಾರು ಆ ಮಿತಿಯನ್ನು ಪಾಲಿಸುತ್ತದೆ. ವಿದ್ಯುತ್ತು ಎಲ್ಲಾದರೂ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುತ್ತದೆ.

ಇದನ್ನು ಅರಿತರೆ ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ. ಈ ಸಾಧನದ ಬೆಲೆಯಲ್ಲಿ ಎರಡು ಭಾಗಗಳಿವೆ. ಒಂದು, ಅದು ಎಷ್ಟು ವಿದ್ಯುತ್ತನ್ನು ಸಾಗಿಸಬಲ್ಲದು ಎಂಬುದಕ್ಕೆ ಕೊಡುವ ಹಣ. ಇನ್ನೊಂದು, ಅದು ಎಷ್ಟು ಚೆನ್ನಾಗಿ ಕಾವಲು ಕಾಯುತ್ತದೆ ಎಂಬುದಕ್ಕೆ ಕೊಡುವ ಹಣ. ಮೊದಲನೆಯದರಲ್ಲಿ ಧಾರಾಳವಾಗಿ ಉಳಿಸಬಹುದು. ಎರಡನೆಯದರಲ್ಲಿ ಒಂದು ರೂಪಾಯಿಯನ್ನೂ ಉಳಿಸಬಾರದು.

ಉಳಿಸಬಹುದಾದ ಕಡೆಯಿಂದಲೇ ಆರಂಭಿಸೋಣ. ಅಂಗಡಿಯವರು 7 ಕಿಲೋವ್ಯಾಟ್, 11 ಕಿಲೋವ್ಯಾಟ್ ಎಂದು ದೊಡ್ಡ ಸಂಖ್ಯೆಗಳನ್ನು ಹೇಳುತ್ತಾರೆ. ನಿಮ್ಮ ಕಾರಿನ ಒಳಗಿರುವ ಚಾರ್ಜರಿನ ಸಾಮರ್ಥ್ಯ 3.3 ಕಿಲೋವ್ಯಾಟ್ ಆಗಿದ್ದರೆ, ಹೊರಗೆ 7 ಕಿಲೋವ್ಯಾಟಿನ ಪೆಟ್ಟಿಗೆ ಇಟ್ಟರೂ ಕಾರು ಎಳೆಯುವುದು ತನ್ನ ಶಕ್ತಿಯಷ್ಟೇ. ದೊಡ್ಡ ಕೊಳಾಯಿ ಹಾಕಿದ ಮಾತ್ರಕ್ಕೆ ಸಣ್ಣ ಬಾಯಿಯ ಬಿಂದಿಗೆ ಬೇಗ ತುಂಬುವುದಿಲ್ಲ. ಕಾರಿನ ಕೈಪಿಡಿಯಲ್ಲಿ ಈ ಸಂಖ್ಯೆ ಇರುತ್ತದೆ, ನೋಡಿಕೊಳ್ಳಿ. ಅಲ್ಲದೆ 7 ಕಿಲೋವ್ಯಾಟಿನ ಸಾಧನಕ್ಕೆ 32 ಆಂಪಿಯರ್ ವಿದ್ಯುತ್ ಬೇಕು. ಮನೆಯ ಸಾಮಾನ್ಯ ಪವರ್ ಪ್ಲಗ್ ಅದನ್ನು ತಾಳಲಾರದು. ಊರಿನ ಮನೆಯಲ್ಲಿ ಅದಕ್ಕೆ ತಕ್ಕ ಸಾಕೆಟ್ ಎಲ್ಲಿ ಸಿಗುತ್ತದೆ?

ಹಾಗಾದರೆ ಎಷ್ಟು ಸಾಕು? ಒಂದು ಲೆಕ್ಕ ಹಾಕೋಣ. ನಮ್ಮ ಮನೆಗಳಲ್ಲಿ ವೋಲ್ಟೇಜ್ 230. ಪೆಟ್ಟಿಗೆಯನ್ನು 10 ಆಂಪಿಯರಿಗೆ ಹೊಂದಿಸಿದರೆ ಗಂಟೆಗೆ 2.3 ಯೂನಿಟ್ ಹರಿಯುತ್ತದೆ. ರಾತ್ರಿ 9ಕ್ಕೆ ಸಿಕ್ಕಿಸಿ ಬೆಳಿಗ್ಗೆ 6ಕ್ಕೆ ತೆಗೆದರೆ 9 ಗಂಟೆಗಳಲ್ಲಿ ಸುಮಾರು 20 ಯೂನಿಟ್. ಹತ್ತರಲ್ಲಿ ಒಂದು ಪಾಲು ಶಾಖವಾಗಿ ನಷ್ಟವಾಯಿತೆಂದುಕೊಂಡರೂ ಬ್ಯಾಟರಿಗೆ 18 ಯೂನಿಟ್ ಸೇರುತ್ತದೆ. ಯೂನಿಟ್ಟಿಗೆ 6 ಕಿಲೋಮೀಟರ್ ಓಡುವ ಕಾರಾದರೆ ಇದು 100 ಕಿಲೋಮೀಟರಿಗಿಂತ ಹೆಚ್ಚಿನ ಪ್ರಯಾಣ. ಒಂದು ರಾತ್ರಿಗೆ, ಅದೂ ಆಪದ್ಧನದಂತೆ ಇಟ್ಟುಕೊಳ್ಳುವ ಎರಡನೆಯ ಚಾರ್ಜರಿಗೆ, ಇದಕ್ಕಿಂತ ಹೆಚ್ಚೇನು ಬೇಕು?

10 ಆಂಪಿಯರಿಗೆ ಇನ್ನೊಂದು ಗುಣವಿದೆ. ತಂತಿಯಲ್ಲಿ ಮತ್ತು ಪ್ಲಗ್ಗಿನಲ್ಲಿ ಹುಟ್ಟುವ ಶಾಖವು ಆಂಪಿಯರಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 10ರ ವರ್ಗ 100; 16ರ ವರ್ಗ 256. ಅಂದರೆ 16 ಆಂಪಿಯರ್ ಎಳೆದಾಗ ಅದೇ ಸಾಕೆಟ್ಟಿನಲ್ಲಿ ಎರಡೂವರೆ ಪಟ್ಟಿಗಿಂತ ಹೆಚ್ಚು ಶಾಖ ಹುಟ್ಟುತ್ತದೆ. ಇಸ್ತ್ರಿ ಪೆಟ್ಟಿಗೆ, ಗೀಸರ್ ಮೊದಲಾದವು ಸ್ವಲ್ಪ ಹೊತ್ತು ವಿದ್ಯುತ್ ಎಳೆದು ನಿಲ್ಲುತ್ತವೆ. ಕಾರು ಹಾಗಲ್ಲ, ಎಡೆಬಿಡದೆ ಎಂಟು ಹತ್ತು ಗಂಟೆ ಎಳೆಯುತ್ತದೆ. ಹಳೆಯ ಸಾಕೆಟ್ಟುಗಳು ಕಪ್ಪಾಗಿ ಕರಗುವುದಕ್ಕೆ ಕಾರಣ ಇದೇ. ಆದ್ದರಿಂದ ಕೊಳ್ಳುವ ಪೆಟ್ಟಿಗೆಯಲ್ಲಿ 8, 10, 13, 16 ಎಂದು ಆಂಪಿಯರನ್ನು ಕಡಿಮೆ ಮಾಡಿಕೊಳ್ಳುವ ಗುಂಡಿ ಇರಲಿ. ಪರಿಚಯವಿಲ್ಲದ ಮನೆಯಲ್ಲಿ 8 ಅಥವಾ 10ರಿಂದಲೇ ಆರಂಭಿಸಿ.

ಇನ್ನು ಉಳಿಸಬಾರದ ಕಡೆಗೆ ಬರೋಣ.

ಕೊಳ್ಳುವಾಗ ಮೊದಲು ಕನೆಕ್ಟರನ್ನು ನೋಡಿ. ಭಾರತದಲ್ಲಿ ಈಗ ಮಾರಾಟವಾಗುವ ಹೆಚ್ಚಿನ ಕಾರುಗಳಿಗೆ ಬೇಕಾದುದು ಏಳು ಪಿನ್ನಿನ ಟೈಪ್ 2 ಕನೆಕ್ಟರ್. ಐದು ಪಿನ್ನಿನ ಟೈಪ್ 1 ಮತ್ತು ಚೀನಾದಲ್ಲಿ ಬಳಸುವ ಇನ್ನೊಂದು ಬಗೆಯದು ಕೆಲವೊಮ್ಮೆ ಅಗ್ಗವಾಗಿ ಸಿಗುತ್ತವೆ. ಅವು ನಮ್ಮ ಕಾರಿಗೆ ಹೊಂದುವುದಿಲ್ಲ.

ಎರಡನೆಯದು ಸೋರಿಕೆಯ ಕಾವಲು. 30 ಮಿಲಿ ಆಂಪಿಯರ್ ಎ.ಸಿ. ಸೋರಿಕೆಗೆ ಮತ್ತು 6 ಮಿಲಿ ಆಂಪಿಯರ್ ಡಿ.ಸಿ. ಸೋರಿಕೆಗೆ ವಿದ್ಯುತ್ ಕಡಿಯುವ ವ್ಯವಸ್ಥೆ ಇದೆ ಎಂದು ಪೆಟ್ಟಿಗೆಯ ಮೇಲೋ ಕೈಪಿಡಿಯಲ್ಲೋ ಸ್ಪಷ್ಟವಾಗಿ ಬರೆದಿರಬೇಕು. ಡಿ.ಸಿ. ಸೋರಿಕೆಯ ಮಾತೇಕೆ ಎಂದು ಕೇಳಬಹುದು. ಕಾರಿನೊಳಗಿನ ದೋಷದಿಂದ ಡಿ.ಸಿ. ಸೋರಿದರೆ, ಮನೆಯ ಮೀಟರ್ ಬೋರ್ಡಿನಲ್ಲಿರುವ ಸಾಮಾನ್ಯ ಆರ್.ಸಿ.ಸಿ.ಬಿ. ಅದನ್ನು ಗುರುತಿಸಲಾರದು, ಅಷ್ಟೇ ಅಲ್ಲ, ಅದು ಮಂಕಾಗಿ ಬೇರೆ ಸೋರಿಕೆಗಳಿಗೂ ಕೆಲಸ ಮಾಡದಿರಬಹುದು. ಇಂಥ ಪೆಟ್ಟಿಗೆಗಳಿಗೆ ಐ.ಇ.ಸಿ. 62752 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಆ ಸಂಖ್ಯೆಯನ್ನು ಹೇಳಿ ಪರೀಕ್ಷಾ ಪ್ರಮಾಣಪತ್ರವನ್ನು ಕೇಳಿ. ಕೊಡಲು ಹಿಂಜರಿಯುವವರಲ್ಲಿ ಕೊಳ್ಳಬೇಡಿ.

ಮೂರನೆಯದು ಪ್ಲಗ್. ಪ್ಲಗ್ಗಿನ ಒಳಗೆ ಶಾಖವನ್ನು ಅಳೆಯುವ ಸಂವೇದಕ ಇರುವಂಥದು ಉತ್ತಮ. ಸಾಕೆಟ್ ಬಿಸಿಯಾದರೆ ಅದು ತಾನಾಗಿ ಚಾರ್ಜನ್ನು ನಿಲ್ಲಿಸುತ್ತದೆ. ಪಿನ್ನುಗಳು ನಮ್ಮ ದೇಶದ ದಪ್ಪ 16 ಆಂಪಿಯರ್ ಪಿನ್ನುಗಳೇ ಆಗಿರಬೇಕು. ಹೊರದೇಶದ ಪ್ಲಗ್ಗಿಗೆ ಅಡಾಪ್ಟರ್ ಸೇರಿಸಿ ಕೊಟ್ಟರೆ ಬೇಡವೆನ್ನಿ. ಸಡಿಲವಾದ ಒಂದೊಂದು ಜೋಡಣೆಯೂ ಶಾಖ ಹುಟ್ಟುವ ತಾಣ.

ನಾಲ್ಕನೆಯದು ನೀರು. ಪೆಟ್ಟಿಗೆಯ ಮೇಲೆ ಐ.ಪಿ. 65, ಐ.ಪಿ. 67 ಎಂದು ಬರೆದಿದ್ದರೆ ಆ ಪೆಟ್ಟಿಗೆ ನೀರಿನ ಎರಚಲನ್ನು ತಡೆಯುತ್ತದೆ ಎಂದು ತಿಳಿಯಬಹುದು. ಆದರೆ ಗೋಡೆಯ ಸಾಕೆಟ್ಟಿಗೂ ಪ್ಲಗ್ಗಿಗೂ ಆ ಮಾತು ಸಲ್ಲುವುದಿಲ್ಲ. ಮಲೆನಾಡಿನ, ಕರಾವಳಿಯ ಮಳೆಯಲ್ಲಿ ಸಾಕೆಟ್ ಮಾಡಿನ ಕೆಳಗೇ ಇರಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ, ಮೋಡ ಕಟ್ಟುವಾಗಲೇ ಪ್ಲಗ್ ತೆಗೆದಿಡುವುದು ಒಳ್ಳೆಯದು.

ಈಗ ಅತ್ಯಂತ ಮುಖ್ಯವಾದ ಮಾತಿಗೆ ಬರುತ್ತೇನೆ. ಅದು ಅರ್ತಿಂಗ್.

ನಮ್ಮ ಹಳ್ಳಿಗಳಲ್ಲಿ, ಪಟ್ಟಣಗಳ ಹಳೆಯ ಮನೆಗಳಲ್ಲಿ ಅನೇಕ ಸಾಕೆಟ್ಟುಗಳಿಗೆ ಮೂರು ರಂಧ್ರಗಳಿದ್ದರೂ ಮೇಲಿನ ದೊಡ್ಡ ರಂಧ್ರಕ್ಕೆ ತಂತಿಯೇ ಇರುವುದಿಲ್ಲ. ತಂತಿ ಇದ್ದರೂ ಅದು ಹೋಗಿ ಸೇರುವ ಗುಂಡಿ ಒಣಗಿರುತ್ತದೆ. ಇದ್ದಿಲು, ಉಪ್ಪು ಹಾಕಿ ಮಾಡಿದ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವವರು ಎಷ್ಟು ಮಂದಿ? ಇಂಥ ಸಾಕೆಟ್ಟಿಗೆ ಸಿಕ್ಕಿಸಿದಾಗ ಒಳ್ಳೆಯ ಪೆಟ್ಟಿಗೆ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಆಗ ಅನೇಕರು ಚಾರ್ಜರನ್ನೇ ದೂರುತ್ತಾರೆ. ದೋಷ ಚಾರ್ಜರಿನದಲ್ಲ, ಮನೆಯದು. ಕಾವಲುಗಾರ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದಾನೆ.

ಇಲ್ಲಿ ಒಂದು ಅಪಾಯಕಾರಿ ಉಪಾಯ ಬಳಕೆಯಲ್ಲಿದೆ. ಸಾಕೆಟ್ಟಿನಲ್ಲೇ ನ್ಯೂಟ್ರಲ್ ತಂತಿಯಿಂದ ಒಂದು ತುಂಡನ್ನು ಅರ್ತ್ ಪಿನ್ನಿಗೆ ಸೇರಿಸಿಬಿಡುತ್ತಾರೆ. ಇದೇ ಕೆಲಸ ಮಾಡುವ ಸಣ್ಣ ಅಡಾಪ್ಟರುಗಳೂ ಮಾರಾಟಕ್ಕಿವೆ. ಅರ್ತಿಂಗ್ ಇಲ್ಲದಿದ್ದರೂ ಚಾರ್ಜಾಗುತ್ತದೆ ಎಂಬುದು ಅವುಗಳ ಹೆಗ್ಗಳಿಕೆ. ಪೆಟ್ಟಿಗೆ ಮೋಸಹೋಗಿ ಹಸಿರು ದೀಪ ತೋರಿಸುತ್ತದೆ, ಕಾರು ಚಾರ್ಜಾಗತೊಡಗುತ್ತದೆ. ಆದರೆ ಆ ಕ್ಷಣದಿಂದ ಕಾರಿನ ಲೋಹದ ಮೈ ನ್ಯೂಟ್ರಲ್ ತಂತಿಗೆ ಸೇರಿಕೊಂಡಿರುತ್ತದೆ. ಕಂಬದಿಂದ ಬರುವ ನ್ಯೂಟ್ರಲ್ ಗಾಳಿಗೆ ಕಡಿದುಹೋದರೆ, ಅಥವಾ ಯಾರೋ ಸಾಕೆಟ್ಟಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ತಂತಿಗಳನ್ನು ಅದಲುಬದಲು ಮಾಡಿದ್ದರೆ, ಕಾರಿನ ಮೈಗೆಲ್ಲ 230 ವೋಲ್ಟ್ ಹರಿಯಬಹುದು. ಅಂಗಳ ಒದ್ದೆಯಾಗಿದೆ, ಬರಿಗಾಲಿನ ಮಗು ಬಾಗಿಲ ಹಿಡಿಗೆ ಕೈ ಹಾಕುತ್ತದೆ ಎಂದು ಊಹಿಸಿಕೊಳ್ಳಿ. ಈ ವಿದ್ಯುತ್ತು ಪೆಟ್ಟಿಗೆಯ ಅರ್ತ್ ತಂತಿಯ ಮೂಲಕವೇ ಬರುವುದರಿಂದ ಅದರೊಳಗಿನ ಸೋರಿಕೆ ಕಾವಲಿನ ಕಣ್ಣಿಗೂ ಬೀಳದಿರಬಹುದು. ಎಷ್ಟೇ ತುರ್ತಿದ್ದರೂ, ಯಾರೇ ಹೇಳಿದರೂ, ಈ ಉಪಾಯಕ್ಕೆ ಕೈ ಹಾಕಬೇಡಿ. ಅರ್ತಿಂಗ್ ಪರೀಕ್ಷೆಯನ್ನು ಗುಂಡಿಯೊತ್ತಿ ನಿಲ್ಲಿಸಬಹುದು ಎಂದು ಹೇಳುವ ಪೆಟ್ಟಿಗೆಯನ್ನೂ ಕೊಳ್ಳಬೇಡಿ. ಅಂಥದು ಎಷ್ಟು ಅಗ್ಗವಾದರೂ ದುಬಾರಿಯೇ.

ಸರಿಯಾದ ದಾರಿ ಕಷ್ಟದ್ದೇನಲ್ಲ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಸಾಕೆಟ್ ಪರೀಕ್ಷೆ ಮಾಡಿಸಿ. ಸಾಕೆಟ್ಟಿಗೆ ಎದುರಾಗಿ ನಿಂತಾಗ ಫೇಸ್ ಬಲಕ್ಕೆ, ನ್ಯೂಟ್ರಲ್ ಎಡಕ್ಕೆ ಇರಬೇಕು. ಫೇಸ್ ಮತ್ತು ನ್ಯೂಟ್ರಲ್ ನಡುವೆ ಎಷ್ಟು ವೋಲ್ಟ್ ಇದೆಯೋ ಫೇಸ್ ಮತ್ತು ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಒಂದೆರಡು ವೋಲ್ಟಿಗಿಂತ ಹೆಚ್ಚು ಕಂಡರೆ ಕಾರಣ ಹುಡುಕಿಸಿ. ಅಗತ್ಯವಿದ್ದರೆ ಹೊಸ ಅರ್ತಿಂಗ್ ಗುಂಡಿ ಮಾಡಿಸಿ. ಮೀಟರ್ ಬೋರ್ಡಿನಿಂದ ನೇರವಾಗಿ 4 ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆಸಿ, ಅದಕ್ಕೇ ಪ್ರತ್ಯೇಕ ಎಂ.ಸಿ.ಬಿ., ಆರ್.ಸಿ.ಸಿ.ಬಿ. ಹಾಕಿಸಿ, ಒಳ್ಳೆಯ ಗುಣಮಟ್ಟದ 16 ಆಂಪಿಯರ್ ಸಾಕೆಟ್ ಕೂರಿಸಿ. ಮನೆಗೆ ಮಂಜೂರಾದ ಲೋಡ್ ಕಡಿಮೆಯಿದ್ದರೆ ವಿದ್ಯುತ್ ಕಂಪನಿಯ ಉಪವಿಭಾಗ ಕಚೇರಿಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ. ಮನೆಯಲ್ಲಿ ವಾಹನ ಚಾರ್ಜು ಮಾಡಿಕೊಳ್ಳಲು ಅವಕಾಶವಿದೆಯೆಂದು ಕೇಂದ್ರದ ವಿದ್ಯುತ್ ಸಚಿವಾಲಯ 2018ರ ಮಾರ್ಗಸೂಚಿಯಲ್ಲೇ ತಿಳಿಸಿದೆ. ಅರ್ಜಿ ಕೊಡಲು ಸಂಕೋಚ ಬೇಡ.

ಇಷ್ಟೆಲ್ಲ ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ನಿಜವಾಗಿ ಎರಡನೆಯ ಚಾರ್ಜರ್ ಬೇಕೇ? ಗೋಡೆಗೆ ಕೂರಿಸುವ ಚಾರ್ಜರನ್ನು ನೀವು ಮನೆಯಲ್ಲಿ ಈಗಾಗಲೇ ಹಾಕಿಸಿದ್ದರೆ, ಕಾರಿನ ಜೊತೆ ಬಂದ ಕೇಬಲನ್ನು ಡಿಕ್ಕಿಯಲ್ಲಿ ಇಟ್ಟುಕೊಂಡರೆ ಸಾಕು, ಅದೇ ನಿಮ್ಮ ಎರಡನೆಯ ಚಾರ್ಜರ್. ವರ್ಷಕ್ಕೆ ಎರಡೇ ಸಲ ಊರಿಗೆ ಹೋಗುವವರು ಮನೆಯ ಕೇಬಲನ್ನೇ ಸುತ್ತಿ ಒಯ್ಯಬಹುದು. ಆ ಹಣದಲ್ಲಿ ಊರಿನ ಮನೆಗೆ ಒಳ್ಳೆಯ ಸಾಕೆಟ್ಟನ್ನೂ ಅರ್ತಿಂಗನ್ನೂ ಮಾಡಿಸಿದರೆ ಹೆಚ್ಚು ಉಪಯೋಗ. ಕಾರು ಬರದ ದಿನಗಳಲ್ಲೂ ಅದು ಮನೆಯವರನ್ನು ಕಾಯುತ್ತದೆ. ಎರಡು ಕಡೆ ವಾಸ ಇರುವವರಿಗೆ, ದಿನವೂ ಬೇರೆ ಊರಿಗೆ ಕೆಲಸಕ್ಕೆ ಹೋಗುವವರಿಗೆ ಮಾತ್ರ ಎರಡನೆಯದು ನಿಜವಾದ ಅಗತ್ಯ.

ಕೊಳ್ಳುವುದೇ ಆದರೆ, ಹೊರಗಿನ ಚಾರ್ಜರ್ ಬಳಸಿದರೆ ಕಾರಿನ ವಾರಂಟಿಗೆ ತೊಂದರೆ ಇಲ್ಲವೇ ಎಂದು ಸರ್ವಿಸ್ ಕೇಂದ್ರದಲ್ಲಿ ಬರಹದ ಮೂಲಕ ಕೇಳಿ ಇಟ್ಟುಕೊಳ್ಳಿ. ರಸೀದಿ ಮತ್ತು ಗ್ಯಾರಂಟಿ ಕಾರ್ಡ್ ಇಲ್ಲದೆ ಕೊಳ್ಳಬೇಡಿ. ರಿಪೇರಿಗೆ ಹತ್ತಿರದಲ್ಲಿ ಯಾರಿದ್ದಾರೆ ಎಂದು ವಿಚಾರಿಸಿ. ಕೇಬಲ್ 5 ಮೀಟರಾದರೂ ಉದ್ದವಿದ್ದರೆ ಎಕ್ಸ್‌ಟೆನ್ಷನ್ ಬಾಕ್ಸಿನ ಆಸೆ ಹುಟ್ಟುವುದಿಲ್ಲ. ಸುತ್ತಿಟ್ಟ ಎಕ್ಸ್‌ಟೆನ್ಷನ್ ತಂತಿ ಬಿಸಿಯಾಗಿ ಹೊತ್ತಿಕೊಳ್ಳಬಹುದು; ಅದನ್ನು ಎಂದೂ ಬಳಸಬಾರದು. ಮನೆಯ ಯು.ಪಿ.ಎಸ್.ನಿಂದಲೂ ಕಾರನ್ನು ಚಾರ್ಜು ಮಾಡಬಾರದು. ಪೆಟ್ಟಿಗೆಯ ಭಾರ ಪ್ಲಗ್ಗಿನ ಮೇಲೆ ಬೀಳದಂತೆ ಗೋಡೆಗೆ ಒಂದು ಕೊಕ್ಕೆ ಹೊಡೆದು ನೇತುಹಾಕಿ.

ಮೊದಲ ಸಲ ಬಳಸುವಾಗ ಅರ್ಧ ಗಂಟೆಯ ನಂತರ ಪೆಟ್ಟಿಗೆಯಲ್ಲೇ ಚಾರ್ಜ್ ನಿಲ್ಲಿಸಿ, ಗೋಡೆಯ ಸ್ವಿಚ್ ಆರಿಸಿ, ಪ್ಲಗ್ಗಿನ ಮೈಯನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಆ ಸಾಕೆಟ್ಟನ್ನು ಬದಲಾಯಿಸುವವರೆಗೆ ಅಲ್ಲಿ ಚಾರ್ಜು ಮಾಡಬೇಡಿ.

ವೀಕ್ಷಕರೇ, ವೇಗವನ್ನು ಕಡಿಮೆ ಮಾಡಿಕೊಂಡರೆ ಒಂದು ರಾತ್ರಿ ಹೆಚ್ಚು ಕಾಯಬೇಕಾದೀತು, ಅಷ್ಟೇ. ಕಾವಲನ್ನು ಕಡಿಮೆ ಮಾಡಿಕೊಂಡರೆ ಅದರ ಬೆಲೆಯನ್ನು ತೆರುವವರು ಮನೆಯವರು. ಈ ಒಂದು ವಿವೇಕವನ್ನು ಇಟ್ಟುಕೊಂಡು ಅಂಗಡಿಗೆ ಹೋದರೆ ಕಡಿಮೆ ಹಣದಲ್ಲೂ ಒಳ್ಳೆಯ ಸಾಧನವನ್ನು ಆರಿಸಿಕೊಳ್ಳಬಹುದು.